ಪೆಟ್ಟಿಗೆಯಲ್ಲಿ ಮರಳು, ಪಟ್ಟಕ್ಕೆ ಪೈಪೋಟಿ: ಮಾರ್ಮನ್ ಪ್ರವಾದಿ ಸತ್ತ ಮೇಲೆ ನಡೆದದ್ದು

1844ರ ಜೂನ್ 29, ಶನಿವಾರ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಮಿಸಿಸಿಪ್ಪಿ ನದಿ ದಂಡೆಯ ಮೇಲಿನ ನೌವೂ ಎಂಬ ಊರು. ಮ್ಯಾನ್ಷನ್ ಹೌಸ್ ಅಂತ ಕರೆಯುತ್ತಿದ್ದ ಮನೆಯ ಮುಂದೆ ಬೆಳಗ್ಗೆಯಿಂದಲೇ ಜನ ಸಾಲು ನಿಂತಿದ್ದರು. ಒಳಗೆ ಎರಡು ಶವಪೆಟ್ಟಿಗೆ. ಹೊರಗೆ ಕಪ್ಪು ಮಖಮಲ್ಲು, ಒಳಗೆ ಬಿಳಿ ಬಟ್ಟೆ. ಒಂದರಲ್ಲಿ ಮಾರ್ಮನ್ ಅನ್ನುವ ಕ್ರೈಸ್ತ ಪಂಥದ ಪ್ರವಾದಿ ಜೋಸೆಫ್ ಸ್ಮಿತ್, 38 ವರ್ಷ. ಇನ್ನೊಂದರಲ್ಲಿ ಅವನ ಅಣ್ಣ ಹೈರಮ್, 44 ವರ್ಷ. ಸುಮಾರು 10 ಸಾವಿರ ಜನ ಕೊನೆಯ ಸಲ ಮುಖ ನೋಡಿಕೊಂಡು ಹೋದರು.

ಸಂಜೆ ಬಾಗಿಲು ಹಾಕಿದರು. ಆಮೇಲೆ ಒಳಗೆ ನಡೆದದ್ದು ಹೊರಗಿದ್ದವರಿಗೆ ಗೊತ್ತಾಗಲಿಲ್ಲ. ಶವಪೆಟ್ಟಿಗೆಗಳನ್ನು ಹೊರಗಿನ ಮರದ ಡಬ್ಬದಿಂದ ತೆಗೆದು, ಒಂದು ಮಲಗುವ ಕೋಣೆಯಲ್ಲಿಟ್ಟು ಬೀಗ ಹಾಕಿದರು. ಖಾಲಿ ಡಬ್ಬಗಳಿಗೆ ಮರಳಿನ ಚೀಲ ತುಂಬಿ ಮೊಳೆ ಹೊಡೆದರು. ಅದನ್ನೇ ಶವದ ಗಾಡಿಯಲ್ಲಿಟ್ಟು ಮೆರವಣಿಗೆಯಲ್ಲಿ ಸ್ಮಶಾನಕ್ಕೆ ಒಯ್ದು, ಕ್ರಮವಾಗಿ ಮಣ್ಣು ಮಾಡಿದರು. ಅಸಲಿ ದೇಹಗಳು ನಡುರಾತ್ರಿ ಹೊರಟವು. ಪಕ್ಕದಲ್ಲೇ ಕಟ್ಟುತ್ತಿದ್ದ ನೌವೂ ಹೌಸ್ ಎಂಬ ಕಟ್ಟಡದ ನೆಲಮಾಳಿಗೆಯಲ್ಲಿ ಅವನ್ನು ಗುಟ್ಟಾಗಿ ಹೂತರು. ಜೋಸೆಫ್‌ನ ತಲೆ ತಂದುಕೊಟ್ಟರೆ ದುಡ್ಡು ಸಿಗುತ್ತೆ ಅನ್ನುವ ಸುದ್ದಿ ಹಬ್ಬಿತ್ತು. ಸತ್ತ ಮೇಲೂ ದೇಹ ಕದ್ದಾರು ಅನ್ನೋ ಭಯ.

ಅಂದರೆ ಸ್ಮಶಾನದಲ್ಲಿ ನಿಂತು ಅತ್ತವರು ಅತ್ತದ್ದು ಮರಳಿನ ಮುಂದೆ.

ದೇಹ ಎಲ್ಲಿದೆ ಅನ್ನೋದು ಕೆಲವರಿಗಾದರೂ ಗೊತ್ತಿತ್ತು. ಅವನ ಜಾಗಕ್ಕೆ ಯಾರು ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಈವತ್ತು ಮಾರ್ಮನ್ ಚರ್ಚ್‌ನ ಅಧ್ಯಕ್ಷ ತೀರಿಕೊಂಡರೆ ಮುಂದಿನವರು ಯಾರು ಅಂತ ಚರ್ಚ್‌ನ ಕೇಂದ್ರವಾದ ಸಾಲ್ಟ್ ಲೇಕ್ ಸಿಟಿಯ ಶಾಲೆ ಮಕ್ಕಳೂ ಹೇಳಿಬಿಡುತ್ತಾರೆ. ಆ ನೆಮ್ಮದಿ ಸುಮ್ನೆ ಬಂದದ್ದಲ್ಲ. ಹಾಗಂತ ಒಂದು ಗ್ರಂಥದಲ್ಲಿ ಬರೆದಿತ್ತು, ಅದರಂತೆ ನಡೆದುಕೊಂಡರು ಅಂತಲೂ ಅಲ್ಲ. 1844ರ ಗೊಂದಲದಲ್ಲಿ ಪೆಟ್ಟು ತಿಂದು, ಆಮೇಲೆ ಸುಮಾರು 56 ವರ್ಷ ತೇಪೆ ಹಾಕಿ ಹಾಕಿ ಕಟ್ಟಿಕೊಂಡ ಪದ್ಧತಿ ಅದು. ಆ ಪ್ರಕರಣವನ್ನೇ ಇಲ್ಲಿ ಬಿಡಿಸಿ ನೋಡೋಣ.

ಕಾರ್ತೇಜ್ ಜೈಲು

ಹಿನ್ನೆಲೆ ಸ್ವಲ್ಪ ಬೇಕು. ಜೋಸೆಫ್ ಸ್ಮಿತ್ 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ತನ್ನ ಚರ್ಚ್ ಶುರು ಮಾಡಿದ. ತಾನು ಪ್ರವಾದಿ, ದೇವರು ತನ್ನ ಜೊತೆ ಮಾತಾಡುತ್ತಾನೆ ಅಂದ. ಜನ ನಂಬಿ ಬಂದರು. ಅಕ್ಕಪಕ್ಕದವರು ಓಡಿಸಿದರು. ಒಹಾಯೊ, ಮಿಸೌರಿ ಎಲ್ಲ ಬಿಟ್ಟು ಕೊನೆಗೆ ನೌವೂಗೆ ಬಂದು ನೆಲೆಸಿದರು. 1844ರ ಹೊತ್ತಿಗೆ ಅಲ್ಲಿ ಸುಮಾರು 11 ಸಾವಿರ ಜನ. ಜೋಸೆಫ್ ಪ್ರವಾದಿಯೂ ಹೌದು, ಊರಿನ ಮೇಯರೂ ಹೌದು, ಊರಿನ ಸೇನೆಗೆ ದಳಪತಿಯೂ ಹೌದು. ಸಾಲದು ಅಂತ ಆ ವರ್ಷ ಅಮೆರಿಕದ ಅಧ್ಯಕ್ಷ ಚುನಾವಣೆಗೂ ನಿಂತಿದ್ದ. ಇಷ್ಟೆಲ್ಲ ಒಬ್ಬನ ಕೈಯಲ್ಲಿದ್ದರೆ ಅವನು ಹೋದ ದಿನ ಏನಾಗುತ್ತೆ ಅಂತ ಯೋಚಿಸಿದವರು ಕಡಿಮೆ.

ಒಳಗೇ ಬಿರುಕು ಬಿಟ್ಟಿತ್ತು. ಜೋಸೆಫ್ ಗುಟ್ಟಾಗಿ ಹಲವು ಹೆಂಡಿರನ್ನು ಮದುವೆಯಾಗುತ್ತಿದ್ದ, ತನ್ನ ಹತ್ತಿರದವರಿಗೂ ಅದನ್ನೇ ಕಲಿಸುತ್ತಿದ್ದ. ಇದನ್ನು ಒಪ್ಪದೆ ಹೊರಬಿದ್ದವರು ‘ನೌವೂ ಎಕ್ಸ್‌ಪಾಸಿಟರ್’ ಅನ್ನುವ ಪತ್ರಿಕೆ ತೆಗೆದರು. ಜೂನ್ 7ಕ್ಕೆ ಬಂದ ಮೊದಲ ಸಂಚಿಕೆಯೇ ಕೊನೆಯದೂ ಆಯಿತು. ಮೂರು ದಿನದ ಮೇಲೆ ಊರಿನ ಆಡಳಿತದ ಆದೇಶದಂತೆ ಅಚ್ಚಿನ ಯಂತ್ರವನ್ನು ಒಡೆದು ಹಾಕಿದರು. ಅಕ್ಕಪಕ್ಕದ ಊರುಗಳು ಕೆರಳಿದವು. ರಾಜ್ಯಪಾಲ ಥಾಮಸ್ ಫೋರ್ಡ್ ರಕ್ಷಣೆಯ ಮಾತು ಕೊಟ್ಟ ಮೇಲೆ ಜೋಸೆಫ್ ಶರಣಾದ. ಅವನನ್ನು ಕಾರ್ತೇಜ್ ಎಂಬ ಊರಿನ ಜೈಲಿನಲ್ಲಿಟ್ಟರು.

ಜೂನ್ 27, ಗುರುವಾರ ಸಂಜೆ ಐದರ ಮೇಲೆ, ಮುಖಕ್ಕೆ ಮಸಿ ಬಳಿದುಕೊಂಡ ಗುಂಪೊಂದು ಜೈಲಿಗೆ ನುಗ್ಗಿತು. ಮಹಡಿಯ ಕೋಣೆಯಲ್ಲಿ ಜೋಸೆಫ್, ಹೈರಮ್ ಅಲ್ಲದೆ ಇನ್ನಿಬ್ಬರಿದ್ದರು. ಇಬ್ಬರೂ ಅಪೊಸ್ತಲರು, ಅಂದರೆ ಚರ್ಚ್‌ನ ಹನ್ನೆರಡು ಜನರ ಮಂಡಳಿಯವರು: ಜಾನ್ ಟೇಲರ್ ಮತ್ತು ವಿಲ್ಲರ್ಡ್ ರಿಚರ್ಡ್ಸ್. ಬಾಗಿಲು ಒತ್ತಿ ಹಿಡಿದಿದ್ದಾಗಲೇ ಬಾಗಿಲು ತೂರಿ ಬಂದ ಗುಂಡು ಹೈರಮ್‌ನ ಮುಖಕ್ಕೆ ಬಿತ್ತು. ಯಾರೋ ಒಳಗೆ ದಾಟಿಸಿದ್ದ ಪಿಸ್ತೂಲಿನಿಂದ ಜೋಸೆಫ್ ತಿರುಗಿ ಹೊಡೆದ. ಕೊನೆಗೆ ಕಿಟಕಿ ಕಡೆ ಓಡಿದ. ಒಳಗಿಂದಲೂ ಹೊರಗಿಂದಲೂ ಗುಂಡು ತಗುಲಿ ಕೆಳಗೆ ಬಿದ್ದ. ಟೇಲರ್‌ಗೆ ಹಲವು ಗುಂಡು ತಗುಲಿದವು. ಅವನ ಜೇಬಿನ ಗಡಿಯಾರ 5 ಗಂಟೆ 16 ನಿಮಿಷಕ್ಕೆ ನಿಂತುಹೋಯಿತು. ಆ ಗಡಿಯಾರವನ್ನು ಚರ್ಚ್ ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡಿದೆ. ರಿಚರ್ಡ್ಸ್ ದಪ್ಪ ಆಳು, ಆದರೂ ಕಿವಿಯ ತುದಿ ಸವರಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅವನೇ ಟೇಲರ್‌ನನ್ನು ಎಳೆದುಕೊಂಡು ಹೋಗಿ ಹುಲ್ಲಿನ ಹಾಸಿಗೆಯ ಕೆಳಗೆ ಬಚ್ಚಿಟ್ಟ. ಮುಂದಿನ ವರ್ಷ ಐವರ ಮೇಲೆ ವಿಚಾರಣೆ ನಡೆಯಿತು. ಐವರೂ ಖುಲಾಸೆ.

ಇಲ್ಲಿ ಒಂದು ಮಾತು. ಆ ಸಂಜೆ ಸತ್ತವರು ಇಬ್ಬರು ಅನ್ನೋದು ಪಟ್ಟದ ಕಥೆಗೆ ತುಂಬಾ ಮುಖ್ಯ. ಹೈರಮ್ ಬರೀ ಅಣ್ಣನಲ್ಲ. ಚರ್ಚ್‌ನಲ್ಲಿ ಅವನಿಗೆ ಜೋಸೆಫ್‌ಗೆ ಸಮನಾದ ಜಾಗ ಕೊಟ್ಟಾಗಿತ್ತು. ಅವನು ಬದುಕಿದ್ದಿದ್ದರೆ ಮುಂದಿನ ಜಗಳ ಬಹುಶಃ ಹುಟ್ಟುತ್ತಲೇ ಇರಲಿಲ್ಲ. ಇನ್ನೊಬ್ಬ ತಮ್ಮ ಸ್ಯಾಮ್ಯುಯೆಲ್ ಮೇಲೂ ಕೆಲವರ ಕಣ್ಣಿತ್ತು. ಅವನೂ ಜುಲೈ 30ಕ್ಕೆ ಕಾಯಿಲೆ ಬಿದ್ದು ತೀರಿಕೊಂಡ. ಒಂದೇ ಬೇಸಿಗೆಯಲ್ಲಿ ಆ ತಾಯಿ ಮೂರು ಗಂಡುಮಕ್ಕಳನ್ನು ಕಳೆದುಕೊಂಡಳು.

ಉತ್ತರ ಇರಲಿಲ್ಲ ಅಂತಲ್ಲ, ಜಾಸ್ತಿ ಇದ್ದವು

ಜೋಸೆಫ್ ಉತ್ತರಾಧಿಕಾರಿಯನ್ನು ಹೇಳದೇ ಹೋದ ಅಂತ ಸಾಮಾನ್ಯವಾಗಿ ಬರೆಯುತ್ತಾರೆ. ನನಗೆ ಅದು ಅರ್ಧ ಸರಿ ಅನ್ನಿಸುತ್ತೆ. 14 ವರ್ಷದಲ್ಲಿ ಅವನು ಒಬ್ಬೊಬ್ಬರಿಗೆ ಒಂದೊಂದು ಸಲ ಒಂದೊಂದು ಮಾತು ಕೊಟ್ಟಿದ್ದ. ಆ ಮಾತುಗಳೆಲ್ಲ ಒಟ್ಟಿಗೆ ಎದ್ದು ನಿಂತವು.

ಮೂವರ ಅಧ್ಯಕ್ಷ ಮಂಡಳಿ ಅಂತ ಒಂದಿತ್ತು: ಜೋಸೆಫ್ ಮತ್ತು ಇಬ್ಬರು ಸಲಹೆಗಾರರು. ಅದರಲ್ಲಿ ಉಳಿದವನು ಸಿಡ್ನಿ ರಿಗ್ಡನ್. 51 ವರ್ಷ, ಒಳ್ಳೆ ಮಾತುಗಾರ, ಶುರುವಿನ ದಿನಗಳಿಂದ ಜೊತೆಗಿದ್ದವನು. ಮೇಲಿನವನು ಹೋದರೆ ಕೆಳಗಿನವನು ತಾನೇ? ಆದರೆ ಇಬ್ಬರ ನಡುವೆ ಹಳಸಿತ್ತು. 1843ರ ಅಕ್ಟೋಬರ್‌ನಲ್ಲಿ ಜೋಸೆಫ್ ಅವನನ್ನು ಕೈಬಿಡಲು ನೋಡಿದ್ದ. ಸಭೆಯೇ ಬೇಡ ಅಂದು ಉಳಿಸಿಕೊಂಡಿತ್ತು.

ಹನ್ನೆರಡು ಅಪೊಸ್ತಲರ ಮಂಡಳಿ 1835ರಲ್ಲಿ ಹುಟ್ಟಿತ್ತು. ಅದರ ಅಧಿಕಾರ ಅಧ್ಯಕ್ಷ ಮಂಡಳಿಗೆ ಸಮ ಅಂತ ಬರಹದಲ್ಲೇ ಇದೆ. ತಮಾಷೆ ಅಂದರೆ, ನೆಲೆಸಿದ ಊರಿನ ಹಿರಿಯರ ಮಂಡಳಿಗಳೂ ಸಮ ಅಂತ ಅದೇ ಬರಹ ಹೇಳುತ್ತೆ. ನೌವೂ ಊರಿನ ಆ ಮಂಡಳಿಗೆ ಮುಖ್ಯಸ್ಥ ವಿಲಿಯಂ ಮಾರ್ಕ್ಸ್. ಶುರುವಿನಲ್ಲಿ ಅಪೊಸ್ತಲರ ಕೆಲಸ ಊರೂರು ತಿರುಗಿ ಪ್ರಚಾರ ಮಾಡೋದು ಅಷ್ಟೇ ಆಗಿತ್ತು. 1841ರಲ್ಲಿ ಜೋಸೆಫ್ ಅವರನ್ನು ಊರಿನ ಒಳಗಿನ ಕೆಲಸಕ್ಕೂ ಹಚ್ಚಿದ: ದುಡ್ಡಿನ ವ್ಯವಹಾರ, ಹೊಸದಾಗಿ ಬಂದವರಿಗೆ ಜಾಗ ಹುಡುಕಿ ಕೊಡೋದು. 1844ರ ವಸಂತದಲ್ಲಿ ಜೋಸೆಫ್ ತಮ್ಮ ಹೆಗಲಿಗೆ ಎಲ್ಲಾ ಭಾರ ಹೊರಿಸಿದ್ದ ಅಂತ ಅವರು ಆಮೇಲೆ ಹೇಳಿಕೊಂಡರು.

ಇನ್ನು ರಕ್ತ ಸಂಬಂಧ. ಜೋಸೆಫ್‌ನ ದೊಡ್ಡ ಮಗ ಮೂರನೇ ಜೋಸೆಫ್‌ಗೆ 11 ವರ್ಷ. ಅಪ್ಪ ಅವನ ತಲೆ ಮೇಲೆ ಕೈಯಿಟ್ಟು ಹರಸಿದ್ದನ್ನು ಕಂಡವರಿದ್ದರು. ಹುಡುಗ ದೊಡ್ಡವನಾಗುವವರೆಗೆ ಯಾರಾದರೂ ನೋಡಿಕೊಳ್ಳಲಿ ಅಂದರು ಕೆಲವರು.

ಎಮ್ಮಾಳ ಲೆಕ್ಕ ಬೇರೆ

ಪಟ್ಟದ ವಿಷಯವನ್ನು ದೇವರ ಚಿತ್ತ ಅಂತಷ್ಟೇ ನೋಡಿದರೆ ಎಮ್ಮಾ ಸ್ಮಿತ್ ಅರ್ಥವಾಗಲ್ಲ. ಅವಳು ಜೋಸೆಫ್‌ನ ಹೆಂಡತಿ. ಆಗ ಬಸುರಿ. ಜೊತೆಗೆ ನಾಲ್ಕು ಮಕ್ಕಳು.

ಚರ್ಚ್‌ನ ಆಸ್ತಿಯೆಲ್ಲ ಟ್ರಸ್ಟಿಯಾಗಿ ಜೋಸೆಫ್‌ನ ಹೆಸರಿನಲ್ಲಿತ್ತು. ಅವನ ಸ್ವಂತ ಆಸ್ತಿಯೂ ಅವನ ಹೆಸರಿನಲ್ಲೇ. ಯಾವುದು ಮನೆಯದು, ಯಾವುದು ಮಂದಿಯದು ಅಂತ ಗೆರೆ ಎಳೆಯೋದು ಕಷ್ಟ. ಸಾಲ ಮಾತ್ರ ಬೇಕಾದಷ್ಟಿತ್ತು. ಹೊಸ ಟ್ರಸ್ಟಿಯನ್ನು ಬೇಗ ನೇಮಿಸಿ, ಒಂದೊಂದು ದಿನ ತಡವಾದಷ್ಟೂ ನನಗೆ ನಷ್ಟ ಅಂತ ಎಮ್ಮಾ ಜುಲೈನಲ್ಲೇ ಒತ್ತಾಯಿಸಿದಳು. ಅವಳ ಮನಸ್ಸಿನಲ್ಲಿದ್ದವನು ವಿಲಿಯಂ ಮಾರ್ಕ್ಸ್. ಅವನೂ ಅವಳಂತೆ ಬಹುಪತ್ನಿತ್ವಕ್ಕೆ ವಿರೋಧಿ.

ಊರಿನಲ್ಲಿದ್ದ ಅಪೊಸ್ತಲರು ಬೆರಳೆಣಿಕೆ. ರಿಚರ್ಡ್ಸ್, ಹಾಸಿಗೆ ಹಿಡಿದ ಟೇಲರ್, ಜುಲೈ 10ಕ್ಕೆ ಬಂದು ತಲುಪಿದ ಪಾರ್ಲಿ ಪ್ರ್ಯಾಟ್. ಉಳಿದವರೆಲ್ಲ ಜೋಸೆಫ್‌ನ ಚುನಾವಣಾ ಪ್ರಚಾರಕ್ಕೆ ಅಂತ ಪೂರ್ವದ ರಾಜ್ಯಗಳಲ್ಲಿದ್ದರು. ಇದ್ದವರು ಒಂದೇ ಮಾತು ಹಿಡಿದರು: ಎಲ್ಲರೂ ಬರಲಿ, ಆಮೇಲೆ ನೋಡೋಣ. ಟ್ರಸ್ಟಿ ಅಂದರೆ ಬೀಗದ ಕೈ. ಅದು ಮಾರ್ಕ್ಸ್ ಕೈಗೆ ಹೋದರೆ ಚರ್ಚೂ ಅವನ ಹಿಂದೆಯೇ ಹೋಗುತ್ತೆ ಅಂತ ಅವರಿಗೆ ಗೊತ್ತಿತ್ತು. ನನ್ನ ಪ್ರಕಾರ ಪಟ್ಟದ ಜಗಳ ಅರ್ಧ ಗೆದ್ದದ್ದು ಇಲ್ಲೇ, ಕಾಯೋಣ ಅನ್ನುವ ಆ ಒಂದು ಮಾತಿನಲ್ಲಿ.

ಗಾಡಿಯಿಂದ ವೇದಿಕೆಗೆ

ಹನ್ನೆರಡು ಜನರ ಮುಖ್ಯಸ್ಥ ಬ್ರಿಗಮ್ ಯಂಗ್. 43 ವರ್ಷ, ಹಿಂದೆ ಬಡಗಿ ಕೆಲಸ ಮಾಡಿದವನು, ಓದು ಕಡಿಮೆ. ಕೊಲೆ ಆದ ದಿನ ಅವನು ಬೋಸ್ಟನ್‌ನಲ್ಲಿದ್ದ. ಸುದ್ದಿ ಗಾಳಿಯಲ್ಲಿ ತೇಲಿ ಬಂತು. ಖಚಿತವಾದದ್ದು ಜುಲೈ 16ಕ್ಕೆ, ನ್ಯೂ ಹ್ಯಾಂಪ್‌ಶೈರ್‌ನ ಪೀಟರ್‌ಬರೋ ಊರಿನಲ್ಲಿ. ಮೊದಲು ಅವನಿಗೆ ಹೊಳೆದ ಪ್ರಶ್ನೆ, ಜೋಸೆಫ್ ಬೀಗದ ಕೈಗಳನ್ನೂ, ಅಂದರೆ ಚರ್ಚ್ ನಡೆಸುವ ದೈವಿಕ ಅಧಿಕಾರವನ್ನೂ, ತನ್ನ ಜೊತೆಗೇ ಒಯ್ದುಬಿಟ್ಟನಾ? ಕುರ್ಚಿಗೆ ಒರಗಿ ಕೂತಿದ್ದವನು ತೊಡೆ ತಟ್ಟಿ, ಇಲ್ಲ, ಅವು ಚರ್ಚ್‌ನಲ್ಲೇ ಇವೆ ಅಂದ ಅಂತ ಅವನೇ ಆಮೇಲೆ ಹೇಳಿಕೊಂಡಿದ್ದಾನೆ.

ರಿಗ್ಡನ್ ಪಿಟ್ಸ್‌ಬರ್ಗ್‌ನಲ್ಲಿದ್ದ. ಹತ್ತಿರವಿದ್ದದ್ದರಿಂದ ಮೊದಲು ಬಂದ. ಆಗಸ್ಟ್ 3ಕ್ಕೆ ನೌವೂ ತಲುಪಿದ. ಮರುದಿನ ಭಾನುವಾರ, ಜನ ಸೇರಿದ್ದಾಗ ತನಗಾದ ದರ್ಶನದ ಬಗ್ಗೆ ಹೇಳಿದ. ಜೋಸೆಫ್‌ನ ಜಾಗಕ್ಕೆ ಇನ್ನೊಬ್ಬ ಪ್ರವಾದಿ ಬೇಡ, ಚರ್ಚ್‌ಗೆ ಒಬ್ಬ ಪೋಷಕ ಬೇಕು, ಅದು ನಾನು ಅನ್ನೋದು ಅವನ ವಾದ. ಮಾರ್ಕ್ಸ್ ಬೆನ್ನಿಗೆ ನಿಂತ, ಸಭೆಗೆ ದಿನವೂ ಗೊತ್ತಾಯಿತು. ಆಗಸ್ಟ್ 6ರ ರಾತ್ರಿ ಬ್ರಿಗಮ್ ಮತ್ತು ಜೊತೆಯವರು ದೋಣಿಯಿಂದ ಇಳಿದರು. ಎರಡು ದಿನ ತಡವಾಗಿದ್ದರೆ ಕಥೆ ಏನಾಗುತ್ತಿತ್ತೋ.

ಆಗಸ್ಟ್ 8, ಗುರುವಾರ ಬೆಳಗ್ಗೆ ಹತ್ತಕ್ಕೆ, ಬಯಲಿನಲ್ಲಿ ಸಾವಿರಾರು ಜನ. ಎದುರಿನಿಂದ ಗಾಳಿ. ವೇದಿಕೆಯಿಂದ ಮಾತಾಡಿದರೆ ಜನರಿಗೆ ಕೇಳಲ್ಲ ಅಂತ ರಿಗ್ಡನ್ ಜನರ ಹಿಂಬದಿಗೆ ಹೋಗಿ ಒಂದು ಗಾಡಿ ಹತ್ತಿ ನಿಂತ. ಜನ ತಿರುಗಿ ಕೂತರು. ಅವನು ಸುಮಾರು ಒಂದೂವರೆ ಗಂಟೆ ಮಾತಾಡಿದ. ದೊಡ್ಡ ಮಾತುಗಾರ ಅಂತ ಹೆಸರಿದ್ದವನು ಅವತ್ತು ಎಳೆದ. ಮುಗಿಸುವ ಹೊತ್ತಿಗೆ ಈ ಕಡೆ ವೇದಿಕೆಯ ಮೇಲೆ ಬ್ರಿಗಮ್ ಎದ್ದು ನಿಂತ. ದನಿ ಕೇಳಿ ಜನ ಮತ್ತೆ ಇತ್ತ ತಿರುಗಿದರು. ಈಗ ಅವರ ಬೆನ್ನು ರಿಗ್ಡನ್ ಕಡೆಗೆ.

ಎರಡು ಗಂಟೆಗೆ ಮತ್ತೆ ಸೇರಿದರು. ಆ ಮಧ್ಯಾಹ್ನದ ಮಾತಿನಲ್ಲಿ ಬ್ರಿಗಮ್‌ನ ಜಾಣತನ ಇರೋದು. ಅವನು ಪಟ್ಟ ಕೇಳಲೇ ಇಲ್ಲ. ಜೋಸೆಫ್‌ನ ಜಾಗ ಯಾರೂ ತುಂಬೋಕೆ ಆಗಲ್ಲ ಅಂದ. ನಿಮಗೆ ರಿಗ್ಡನ್ ಬೇಕಾದರೆ ತಗೊಳ್ಳಿ, ಆದರೆ ಕೀಲಿಕೈ ಇರೋದು ಹನ್ನೆರಡು ಜನರ ಹತ್ತಿರ ಅನ್ನೋ ಧಾಟಿಯಲ್ಲಿ ಮಾತಾಡಿದ. ಇಬ್ಬರೂ ಜೋಸೆಫ್‌ನ ಜಾಗ ಖಾಲಿ ಇರಲಿ ಅಂದವರೇ. ಒಬ್ಬ ಅದರ ಪಕ್ಕ ತನ್ನನ್ನು ನಿಲ್ಲಿಸಿಕೊಂಡ, ಇನ್ನೊಬ್ಬ ಮಂಡಳಿಯನ್ನು ನಿಲ್ಲಿಸಿದ. ದುಃಖದಲ್ಲಿದ್ದ ಜನಕ್ಕೆ ಎರಡನೆಯದೇ ಹಿತವಾಯಿತು.

ರಿಗ್ಡನ್‌ಗೆ ಮತ್ತೆ ಮಾತಾಡಲು ಅವಕಾಶ ಕೊಟ್ಟರು. ಅವನು ತಾನು ಏಳದೆ, ನನ್ನ ಪರವಾಗಿ ನೀನು ಮಾತಾಡು ಅಂತ ಹಳೆ ಗೆಳೆಯ ಡಬ್ಲ್ಯೂ. ಡಬ್ಲ್ಯೂ. ಫೆಲ್ಪ್ಸ್‌ನನ್ನು ಕೇಳಿಕೊಂಡ. ಫೆಲ್ಪ್ಸ್ ಎದ್ದು ಹನ್ನೆರಡು ಜನರ ಪರ ಮಾತಾಡಿದ! ಆ ಕ್ಷಣದಲ್ಲಿ ರಿಗ್ಡನ್‌ನ ಮುಖ ಹೇಗಿತ್ತೋ, ಪಾಪ. ಆಮೇಲೆ ಕೈ ಎತ್ತಿಸಿದರು. ಹನ್ನೆರಡು ಜನರ ಕಡೆಗೆ ಹೆಚ್ಚುಕಡಿಮೆ ಎಲ್ಲರ ಕೈಯೂ ಎದ್ದಿತು. ಮರುದಿನವೇ ಇಬ್ಬರು ಬಿಷಪ್‌ಗಳನ್ನು ಟ್ರಸ್ಟಿ ಮಾಡಿದರು. ಬೀಗದ ಕೈಯೂ ಬಂತು. ಒಂದು ತಿಂಗಳಿಗೆ, ಸೆಪ್ಟೆಂಬರ್ 8ಕ್ಕೆ, ರಿಗ್ಡನ್‌ಗೆ ಬಹಿಷ್ಕಾರ.

ಅವತ್ತು ಬ್ರಿಗಮ್ ಮಾತಾಡುವಾಗ ಅವನ ದನಿ, ಮುಖ ಎರಡೂ ಜೋಸೆಫ್‌ನದೇ ಆಗಿಬಿಟ್ಟವು ಅಂತ ಆಮೇಲಿನ ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಜನ ಬರೆದಿಟ್ಟರು. ಚರ್ಚ್‌ನಲ್ಲಿ ಈ ಕಥೆಗೆ ದೊಡ್ಡ ಜಾಗ ಇದೆ. ಆ ದಿನವೇ ಬರೆದ ಟಿಪ್ಪಣಿಗಳಲ್ಲಿ ಹುಡುಕಿದರೆ ಇದು ಸ್ಪಷ್ಟವಾಗಿ ಸಿಗಲ್ಲ. ಅವರೆಲ್ಲ ಸುಳ್ಳು ಹೇಳಿದರು ಅಂತ ನನಗನ್ನಿಸಲ್ಲ. ಸತ್ತವರ ದನಿ ಬದುಕಿದವರ ಬಾಯಲ್ಲಿ ಕೇಳಿಸೋದು ದುಃಖದ ಮನೆಯಲ್ಲಿ ಹೊಸದೇನಲ್ಲ. ಆದರೆ ಮತ ಬಿದ್ದದ್ದಕ್ಕೆ ಅದೊಂದೇ ಕಾರಣ ಅನ್ನೋದನ್ನು ಒಪ್ಪೋದು ಕಷ್ಟ. ಇನ್ನೊಂದು ಕಾರಣ ಕಣ್ಣೆದುರೇ ಇದೆ. 1840-41ರಲ್ಲಿ ಬ್ರಿಗಮ್ ಮತ್ತು ಇತರ ಅಪೊಸ್ತಲರು ಇಂಗ್ಲೆಂಡಿನಲ್ಲಿದ್ದರು. ಅಲ್ಲಿ ಸಾವಿರಾರು ಜನಕ್ಕೆ ದೀಕ್ಷಾಸ್ನಾನ ಮಾಡಿಸಿ, ಹಡಗು ಹತ್ತಿಸಿ, ನೌವೂಗೆ ಕಳಿಸಿದ್ದರು. ಇಲ್ಲಿಗೆ ಬಂದ ಮೇಲೆ ಜಾಗ ಕೊಡಿಸಿದ್ದೂ ಅವರೇ. ಆ ಬಯಲಿನಲ್ಲಿ ಕೂತಿದ್ದ ಎಷ್ಟೋ ಮಂದಿಗೆ ಬ್ರಿಗಮ್ ಅಂದರೆ ಕಷ್ಟಕ್ಕೆ ಆದವನು. ರಿಗ್ಡನ್ ಅಂದರೆ ಹೆಸರು ಕೇಳಿದವನು.

ಕೈ ಎತ್ತದವರು

ವಿಸ್ಕಾನ್ಸಿನ್‌ನ ವಕೀಲ ಜೇಮ್ಸ್ ಸ್ಟ್ರ್ಯಾಂಗ್ ಚರ್ಚ್ ಸೇರಿದ್ದೇ 1844ರ ಫೆಬ್ರವರಿಯಲ್ಲಿ. ನಾಲ್ಕು ತಿಂಗಳ ಭಕ್ತ. ಅವನ ಕೈಯಲ್ಲಿ ಒಂದು ಪತ್ರ ಇತ್ತು. ಜೂನ್ 18ರ ತಾರೀಕು, ನೌವೂ ಅಂಚೆಯ ಮುದ್ರೆ. ನನ್ನ ನಂತರ ನೀನೇ ಅಂತ ಜೋಸೆಫ್ ಬರೆದದ್ದು ಅಂತ ಅವನು ತೋರಿಸಿದ. ಪತ್ರದಲ್ಲಿರೋದು ಜೋಸೆಫ್‌ನ ಕೈಬರಹ ಅಲ್ಲ ಅಂತ ಇತಿಹಾಸಕಾರರಲ್ಲಿ ಹೆಚ್ಚಿನವರು ಹೇಳುತ್ತಾರೆ. ಆದರೂ ಜನ ಹೋದರು. ಮಾರ್ಕ್ಸ್ ಕೂಡ ಸ್ವಲ್ಪ ಕಾಲ ಅವನ ಜೊತೆಗಿದ್ದ. ಸ್ಟ್ರ್ಯಾಂಗ್ ಮೊದಲು ಬಹುಪತ್ನಿತ್ವವನ್ನು ಬೈಯುತ್ತಿದ್ದ. ಆಮೇಲೆ ಎರಡನೇ ಹೆಂಡತಿಗೆ ಗಂಡು ವೇಷ ಹಾಕಿಸಿ, ಇವನು ನನ್ನ ಅಣ್ಣನ ಮಗ ಅನ್ನೋ ಹಾಗೆ ಜೊತೆಗೆ ಕರಕೊಂಡು ಪ್ರಚಾರಕ್ಕೆ ತಿರುಗಿದ! 1850ರಲ್ಲಿ ಮಿಶಿಗನ್ ಸರೋವರದ ಬೀವರ್ ದ್ವೀಪದಲ್ಲಿ ರಾಜನಾಗಿ ಕಿರೀಟ ಇಟ್ಟುಕೊಂಡ. 1856ರಲ್ಲಿ ಅವನ ಹಳೆ ಅನುಯಾಯಿಗಳೇ ಗುಂಡು ಹೊಡೆದರು. ಮೂರು ವಾರ ಬದುಕಿದ್ದ. ನಿನ್ನ ನಂತರ ಯಾರು ಅಂತ ಕೇಳಿದವರಿಗೆ ಅವನೂ ಹೆಸರು ಹೇಳಲಿಲ್ಲ.

ರಿಗ್ಡನ್ ಪಿಟ್ಸ್‌ಬರ್ಗ್‌ಗೆ ವಾಪಸ್ ಹೋಗಿ ಒಂದು ಚರ್ಚ್ ಕಟ್ಟಿದ. ಅದು ಬಾಳಲಿಲ್ಲ. ಅಪೊಸ್ತಲ ಲೈಮನ್ ವೈಟ್ ತನ್ನ ಗುಂಪು ಕಟ್ಟಿಕೊಂಡು ಟೆಕ್ಸಸ್‌ಗೆ ಹೋದ.

ಎಮ್ಮಾ ಎಲ್ಲಿಗೂ ಹೋಗಲಿಲ್ಲ. ನವೆಂಬರ್‌ನಲ್ಲಿ ಗಂಡುಮಗು ಹುಟ್ಟಿತು. ಆ ಹೊತ್ತಿಗೆಲ್ಲ ಗಂಡನ ದೇಹವನ್ನು ನೆಲಮಾಳಿಗೆಯಿಂದ ತೆಗೆಸಿ, ತನ್ನ ಹಳೆ ಮನೆಯ ಹತ್ತಿರ ಬೇರೆ ಜಾಗದಲ್ಲಿ ಹೂಳಿಸಿದ್ದಳು. ಬ್ರಿಗಮ್ ಕಡೆಯವರು ದೇವಾಲಯದ ಬಳಿ ಸಮಾಧಿಯಲ್ಲಿ ಇಡಬೇಕು ಅಂತ ಕೇಳಿದರು. ಅವಳು ಕೊಡಲಿಲ್ಲ. 1846ರ ಫೆಬ್ರವರಿಯಲ್ಲಿ ಬ್ರಿಗಮ್‌ನ ಜನ ಊರು ಬಿಟ್ಟು ಪಶ್ಚಿಮಕ್ಕೆ ಹೊರಟಾಗಲೂ ಅವಳು ಹೊರಡಲಿಲ್ಲ. ಮುಂದೆ 1860ರ ಏಪ್ರಿಲ್ 6ರಂದು, ಇಲಿನಾಯ್‌ನ ಆಂಬಾಯ್ ಎಂಬ ಊರಿನಲ್ಲಿ ಅವಳ ಮಗ ಮೂರನೇ ಜೋಸೆಫ್ ಬೇರೆ ಚರ್ಚ್‌ಗೆ ಅಧ್ಯಕ್ಷನಾದ. 1914ರಲ್ಲಿ ಸಾಯುವವರೆಗೂ ಆ ಜಾಗದಲ್ಲಿದ್ದ. ಅಲ್ಲಿ ಪಟ್ಟ ಸ್ಮಿತ್ ಮನೆತನದಲ್ಲೇ 1996ರವರೆಗೆ ನಡೆಯಿತು. ಈಗ ಅದರ ಹೆಸರು ಕಮ್ಯುನಿಟಿ ಆಫ್ ಕ್ರೈಸ್ಟ್. 2025ರಲ್ಲಿ ಅಲ್ಲಿ ಮೊದಲ ಸಲ ಒಬ್ಬ ಮಹಿಳೆ, ಸ್ಟಾಸಿ ಕ್ರಾಮ್, ಅಧ್ಯಕ್ಷೆಯಾದರು.

ಸಾಲು ಕಟ್ಟಿದ್ದು ಹೇಗೆ

ಆಗಸ್ಟ್ 8ರ ಮತದಿಂದ ಬ್ರಿಗಮ್ ಅಧ್ಯಕ್ಷನಾದ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. ಆದದ್ದು ಮಂಡಳಿಯ ಆಳ್ವಿಕೆ. ಅವನು ತನಗಾಗಿ ಅಧ್ಯಕ್ಷ ಮಂಡಳಿ ಬೇಕು ಅಂದದ್ದು ಮುಂದೆ ಸಾಲ್ಟ್ ಲೇಕ್ ಸಿಟಿ ಎದ್ದ ಯೂಟಾದ ಕಣಿವೆ ಕಂಡು ಬಂದ ಮೇಲೆ, 1847ರ ಕೊನೆಯಲ್ಲಿ. ಆಗಲೂ ಅಪೊಸ್ತಲರೇ ತಕರಾರು ತೆಗೆದರು. ಆರ್ಸನ್ ಪ್ರ್ಯಾಟ್, ಹನ್ನೆರಡು ಜನ ಇದ್ದೇವಲ್ಲ, ಮೇಲೊಬ್ಬ ಯಾಕೆ ಅಂತ ವಾದಿಸಿದ. ಡಿಸೆಂಬರ್ 5ಕ್ಕೆ ಒಪ್ಪಿಗೆ ಬಿತ್ತು. ಡಿಸೆಂಬರ್ 27ಕ್ಕೆ ಅಯೋವಾದ ಕೇನ್ಸ್‌ವಿಲ್‌ನಲ್ಲಿ, ಆಗಷ್ಟೇ ದಿಮ್ಮಿಗಳಿಂದ ಕಟ್ಟಿದ್ದ ಸಭಾಂಗಣದಲ್ಲಿ, ಜನ ಕೈ ಎತ್ತಿದರು. ಜೋಸೆಫ್ ಸತ್ತು ಮೂರೂವರೆ ವರ್ಷ ಆಗಿತ್ತು.

ಆಗಲೂ ನಿಯಮ ಇರಲಿಲ್ಲ. ಹಿರಿಯ ಅಪೊಸ್ತಲನೇ ಮುಂದಿನವನು ಅನ್ನೋಣ. ಹಿರಿಯ ಅಂದರೆ ಯಾರು? ವಯಸ್ಸಿನಲ್ಲಾ? ಮೊದಲು ಸೇರಿದವನಾ? ನಡುವೆ ಬಿಟ್ಟುಹೋಗಿ ಮತ್ತೆ ಬಂದವನ ಲೆಕ್ಕ ಎಲ್ಲಿಂದ? ಆರ್ಸನ್ ಹೈಡ್ ಮತ್ತು ಆರ್ಸನ್ ಪ್ರ್ಯಾಟ್ ಇಬ್ಬರೂ 1835ರ ಮೊದಲ ಹನ್ನೆರಡರಲ್ಲಿದ್ದವರು. ನಡುವೆ ಸ್ವಲ್ಪ ಕಾಲ ಹೊರಗಿದ್ದರು. 1875ರಲ್ಲಿ ಬ್ರಿಗಮ್ ಅವರಿಬ್ಬರನ್ನು ಸಾಲಿನಲ್ಲಿ ಹಿಂದಕ್ಕೆ ಹಾಕಿದ. ಎರಡೇ ವರ್ಷಕ್ಕೆ, 1877ರ ಆಗಸ್ಟ್ 29ರಂದು, ಅವನೇ ತೀರಿಕೊಂಡ. ಆ ಬದಲಾವಣೆ ಆಗದಿದ್ದರೆ ಸಾಲಿನ ಮುಂದೆ ಇರುತ್ತಿದ್ದವನು ಹೈಡ್. ಈಗ ಮುಂದೆ ಬಂದವನು ಜಾನ್ ಟೇಲರ್. ಹೌದು, ಕಾರ್ತೇಜ್‌ನಲ್ಲಿ ಗುಂಡು ತಿಂದು ಹುಲ್ಲುಹಾಸಿಗೆ ಕೆಳಗೆ ಬಿದ್ದಿದ್ದ ಅದೇ ಟೇಲರ್.

ಟೇಲರ್ ಅಧ್ಯಕ್ಷನಾಗಲು ಮೂರು ವರ್ಷ ಹಿಡಿಯಿತು. ಅವನ ನಂತರ ವಿಲ್ಫರ್ಡ್ ವುಡ್ರಫ್‌ಗೆ ಸುಮಾರು ಎರಡು. ಪ್ರತಿ ಸಲವೂ ಮಂಡಳಿ ಆಳ್ವಿಕೆ, ಗುಸುಗುಸು. ನಾನು ಹೋದ ಮೇಲೆ ತಡ ಮಾಡಬೇಡ ಅಂತ ವುಡ್ರಫ್ ಮುಂದಿನವನಾದ ಲೊರೆಂಜೊ ಸ್ನೋಗೆ ಮೊದಲೇ ಹೇಳಿಟ್ಟಿದ್ದ. ವುಡ್ರಫ್ 1898ರ ಸೆಪ್ಟೆಂಬರ್ 2ಕ್ಕೆ ಹೋದ. ಸೆಪ್ಟೆಂಬರ್ 13ಕ್ಕೆ ಸ್ನೋ ಅಧ್ಯಕ್ಷ. ಬರೀ 11 ದಿನ. ಇದರ ಹಿಂದೆ ಭಕ್ತಿಯ ಜೊತೆ ಲೆಕ್ಕವೂ ಇತ್ತು. ಚರ್ಚ್ ಆಗ ಸಾಲದಲ್ಲಿ ಮುಳುಗಿತ್ತು. ಸಹಿ ಹಾಕುವ ಟ್ರಸ್ಟಿ ಇಲ್ಲದೆ ಒಂದು ದಿನವೂ ನಡೆಯಲ್ಲ. ಎಮ್ಮಾ ಹೇಳಿದ್ದ ಮಾತೇ, 54 ವರ್ಷ ತಡವಾಗಿ.

ಕೊನೆಯ ತೇಪೆ 1900ರದ್ದು. ಬ್ರಿಗಮ್ ತನ್ನ ಗಂಡುಮಕ್ಕಳಲ್ಲಿ ಕೆಲವರಿಗೆ ಬೇಗನೆ, ಗುಟ್ಟಾಗಿ ಅಪೊಸ್ತಲ ಪಟ್ಟ ಕಟ್ಟಿದ್ದ. ಪಟ್ಟ ಸಿಕ್ಕ ದಿನ ಎಣಿಸಬೇಕಾ, ಹನ್ನೆರಡರ ಮಂಡಳಿಗೆ ಸೇರಿದ ದಿನ ಎಣಿಸಬೇಕಾ ಅನ್ನೋ ಪ್ರಶ್ನೆ ಬಂತು. ಏಪ್ರಿಲ್ 5ರಂದು ಎರಡನೆಯದೇ ಸರಿ ಅಂತ ತೀರ್ಮಾನವಾಯಿತು. ಇದರಿಂದ ಕಿರಿಯ ಬ್ರಿಗಮ್ ಯಂಗ್ ಒಂದು ಜಾಗ ಹಿಂದಕ್ಕೆ ಸರಿದ. ಮುಂದಕ್ಕೆ ಬಂದವನು ಜೋಸೆಫ್ ಎಫ್. ಸ್ಮಿತ್. ಮರುವರ್ಷ ಅಕ್ಟೋಬರ್‌ನಲ್ಲಿ ಸ್ನೋ ತೀರಿಕೊಂಡಾಗ ಅವನೇ ಅಧ್ಯಕ್ಷ.

ಯಾರು ಈ ಜೋಸೆಫ್ ಎಫ್.? ಕಾರ್ತೇಜ್‌ನಲ್ಲಿ ಮುಖಕ್ಕೆ ಗುಂಡು ಬಿದ್ದು ಸತ್ತ ಹೈರಮ್‌ನ ಮಗ. ಅವತ್ತು ಐದು ವರ್ಷದ ಹುಡುಗ. ರಕ್ತ ಸಂಬಂಧದ ವಾದ ಸೋತು 57 ವರ್ಷದ ಮೇಲೆ ಸ್ಮಿತ್ ಮನೆಯ ಮಗನೇ ಆ ಕುರ್ಚಿಗೆ ಬಂದ. ಆದರೆ ರಕ್ತದ ಹಕ್ಕಿನಿಂದಲ್ಲ, ಸಾಲಿನಲ್ಲಿ ನಿಂತು ತನ್ನ ಪಾಳಿ ಬಂದಾಗ.

ಈಗ

ಈಗಿನ ಪದ್ಧತಿ ಹೇಳೋಕೆ ಎರಡು ನಿಮಿಷ ಸಾಕು. ಅಧ್ಯಕ್ಷ ಸತ್ತ ಕ್ಷಣವೇ ಮೂವರ ಮಂಡಳಿ ಇಲ್ಲವಾಗುತ್ತೆ. ಇಬ್ಬರು ಸಲಹೆಗಾರರು ಅಪೊಸ್ತಲರ ಸಾಲಿನಲ್ಲಿ ತಮ್ಮ ಹಳೆ ಜಾಗಕ್ಕೆ ಹೋಗುತ್ತಾರೆ. ಎಲ್ಲರಿಗಿಂತ ಮೊದಲು ಮಂಡಳಿಗೆ ಬಂದವರು ಮುಖ್ಯಸ್ಥರು. ಅಂತ್ಯಕ್ರಿಯೆ ಮುಗಿದ ಕೆಲವೇ ದಿನಕ್ಕೆ ಅಪೊಸ್ತಲರೆಲ್ಲ ಸಾಲ್ಟ್ ಲೇಕ್ ದೇವಾಲಯದಂತಹ ಒಂದು ಕಡೆ ಸೇರಿ, ಅವರ ತಲೆಯ ಮೇಲೆ ಕೈಯಿಟ್ಟು ನೇಮಿಸುತ್ತಾರೆ. ಮುಂದಿನ ಮಹಾಸಭೆಯಲ್ಲಿ ಜನ ಗುಂಪು ಗುಂಪಾಗಿ ಎದ್ದು ಬಲಗೈ ಎತ್ತುತ್ತಾರೆ. ಚುನಾವಣೆ ಇಲ್ಲ, ಅಭ್ಯರ್ಥಿ ಇಲ್ಲ. ಇದಕ್ಕೆ ಒಂದು ಬೆಲೆಯೂ ಇದೆ: ಕುರ್ಚಿಗೆ ಬರುವ ಹೊತ್ತಿಗೆ ವಯಸ್ಸು ಎಂಬತ್ತು, ತೊಂಬತ್ತು ಆಗಿರುತ್ತೆ.

1984ರ ಏಪ್ರಿಲ್ 7ರಂದು ಒಂದೇ ಸಭೆಯಲ್ಲಿ ಇಬ್ಬರು ಹೊಸ ಅಪೊಸ್ತಲರ ಹೆಸರು ಓದಿದರು. ಮೊದಲ ಹೆಸರು ಹೃದಯ ಶಸ್ತ್ರಚಿಕಿತ್ಸಕ ರಸೆಲ್ ನೆಲ್ಸನ್. ಎರಡನೆಯದು ಯೂಟಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಡಾಲಿನ್ ಓಕ್ಸ್. ಓದಿದ ಆ ಕ್ರಮವೇ ಮುಂದೆ ಪಟ್ಟದ ಕ್ರಮವಾಯಿತು. ನೆಲ್ಸನ್ 2018ರ ಜನವರಿಯಲ್ಲಿ, 93ನೇ ವಯಸ್ಸಿಗೆ ಅಧ್ಯಕ್ಷರಾದರು. ಮಾರ್ಚ್ 31ಕ್ಕೆ ಜನ ಕೈ ಎತ್ತಿ ಒಪ್ಪಿದರು. ಮರುದಿನ ಅವರು ಓದಿದ ಹೊಸ ದೇವಾಲಯಗಳ ಪಟ್ಟಿಯಲ್ಲಿ ಬೆಂಗಳೂರೂ ಇತ್ತು, ಭಾರತಕ್ಕೆ ಮೊದಲನೆಯದು. ಅವರು 2025ರ ಸೆಪ್ಟೆಂಬರ್ 27ಕ್ಕೆ 101ನೇ ವಯಸ್ಸಿನಲ್ಲಿ ತೀರಿಕೊಂಡರು. ಒಂದೇ ವಾರಕ್ಕೆ ಮಹಾಸಭೆ ಇತ್ತು. ಅಧ್ಯಕ್ಷರೇ ಇಲ್ಲದೆ ಅದು ನಡೆದುಹೋಯಿತು. ಅಕ್ಟೋಬರ್ 14ಕ್ಕೆ ಓಕ್ಸ್ ಅಧ್ಯಕ್ಷರಾದರು. ಅವರಿಗೂ ಆಗ 93. ನಡುವೆ ಹೋದದ್ದು 17 ದಿನ.

ಜೋಸೆಫ್‌ನ ದೇಹದ ಕಥೆ ಅರ್ಧಕ್ಕೆ ನಿಂತಿತ್ತು. ಎಮ್ಮಾ 1879ರಲ್ಲಿ ತೀರಿಕೊಂಡಳು. ಕಾಲಕ್ರಮೇಣ ಸರಿಯಾದ ಜಾಗ ಯಾವುದು ಅನ್ನೋದೇ ಮರೆತುಹೋಯಿತು. ಕೆಯೊಕಕ್ ಅಣೆಕಟ್ಟು ಕಟ್ಟಿದ ಮೇಲೆ ನದಿಯ ನೀರು ಏರಿತು. ಸಮಾಧಿ ಮುಳುಗೀತು ಅಂತ 1928ರ ಜನವರಿಯಲ್ಲಿ ಮೂರನೇ ಜೋಸೆಫ್‌ನ ಮಗ ಫ್ರೆಡ್ರಿಕ್ ಎಂ. ಸ್ಮಿತ್ ನೆಲ ಅಗೆಸಿದ. ಎರಡು ಅಸ್ಥಿಪಂಜರ ಸಿಕ್ಕವು. ಅವನ್ನು ಎಮ್ಮಾಳ ಪಕ್ಕದಲ್ಲೇ ಮತ್ತೆ ಹೂತರು.

ಆ ಮನೆಗಳೆಲ್ಲ ಎಮ್ಮಾಳ ಮಗನ ಚರ್ಚ್ ಕೈಯಲ್ಲೇ ಉಳಿದಿದ್ದವು. 2024ರ ಮಾರ್ಚ್ 5ರಂದು ಅದು ಒಹಾಯೊದ ಕರ್ಟ್‌ಲ್ಯಾಂಡ್ ದೇವಾಲಯ, ನೌವೂವಿನ ಹಳೆ ಕಟ್ಟಡಗಳು, ಒಂದಷ್ಟು ಹಸ್ತಪ್ರತಿ ಎಲ್ಲವನ್ನೂ ಸೇರಿಸಿ ಸುಮಾರು 19 ಕೋಟಿ 25 ಲಕ್ಷ ಡಾಲರ್‌ಗೆ ಸಾಲ್ಟ್ ಲೇಕ್ ಚರ್ಚ್‌ಗೆ ಮಾರಿತು. ಅದರಲ್ಲಿ ಮ್ಯಾನ್ಷನ್ ಹೌಸೂ ಇತ್ತು. ಶವಪೆಟ್ಟಿಗೆಗಳನ್ನಿಟ್ಟು ಬೀಗ ಹಾಕಿದ್ದ ಮನೆಯ ಕೀಲಿಕೈ 180 ವರ್ಷದ ಮೇಲೆ ಬ್ರಿಗಮ್‌ನ ಕಡೆಯವರಿಗೆ ಸಿಕ್ಕಿತು.